ಚಾವಲೆ ಅರೆದ ಲೇಪ

ಬಹಳ ಹಿಂದೆ, ಹಕ್ಕಿ ಹಾವುಗಳು ಮನುಷ್ಯರೊಡನೆ ನೇರವಾಗಿ ಮಾತಾಡುತ್ತಿದ್ದ ಕಾಲದಲ್ಲಿ, ಸಿರಿವೊಳಲು ಎಂಬ ರಾಜ್ಯವಿತ್ತು. ಆ ರಾಜ್ಯವನ್ನು ಬಿಜ್ಜಲದೇವಿ ಎಂಬ ರಾಣಿ ಆಳುತ್ತಿದ್ದಳು. ಕೆರೆಯ ತೂಬು ಕೆಟ್ಟರೆ ಸೀರೆ ಎತ್ತಿಕಟ್ಟಿ ತಾನೇ ನೀರಿಗಿಳಿದು ನೋಡುವಂಥ ರಾಣಿ. ಅವಳಿಗೆ ಚಾವಲೆ ಎಂಬ ಒಬ್ಬಳೇ ಮಗಳು. ಮದುವೆಯ ವಯಸ್ಸು, ಹಟದ ಸ್ವಭಾವ.

ಒಂದು ಬೆಳಿಗ್ಗೆ ಬಡಗು ದಿಕ್ಕಿನಿಂದ ಒಣಗಾಳಿ ಎದ್ದಿತು. ಅದು ಮರಗಳನ್ನು ಮುಟ್ಟಲಿಲ್ಲ, ಮಾಡುಗಳನ್ನು ಹಾರಿಸಲಿಲ್ಲ. ಮನುಷ್ಯರ ಮೈಯ ಪಸೆಯನ್ನಷ್ಟೇ ಹೀರಿಕೊಂಡು ಹೋಯಿತು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಲ ಕೂಸುಗಳ ಕೆನ್ನೆಯೂ ಒಣಗಿದ ಹಾಗಲಕಾಯಿಯ ಹಾಗೆ ಸುಕ್ಕಾಯಿತು. ಹಸೆಮಣೆಯ ಮೇಲೆ ಕೂತ ಮದುಮಗಳು ಕನ್ನಡಿ ನೋಡಿ ಚೀರಿದಳು. ಚಾವಲೆಯ ಮುಖವೂ ಮುದುಕಿಯ ಮುಖವಾಯಿತು.

ಅರಮನೆಯಲ್ಲಿ ಪೆಟ್ಟಿಗೆಗಳೆಲ್ಲ ತೆರೆದವು. ಚಿನ್ನದ ರೇಕು ಅಂಟಿಸಿದರು, ಮುತ್ತು ಅರೆದು ಬಳಿದರು, ಕೇಸರಿ ತೇಯ್ದು ಹಚ್ಚಿದರು. ಯಾವುದೂ ಹಿಡಿಯಲಿಲ್ಲ. ಸುಕ್ಕುಗಳು ಬಿರಿಯತೊಡಗಿದವು. ಅತ್ತರೆ ಕಣ್ಣೀರಿನ ಉಪ್ಪು ಉರಿಯುತ್ತಿದ್ದುದರಿಂದ ಕೂಸುಗಳು ಅಳುವುದಕ್ಕೂ ಹೆದರಿದವು.

ಆಗ ಬಂದ ಮಾಂತ್ರಿಕ ಶುಷ್ಕಕೇತು. ಅವನ ಮುಖ ಕನ್ನಡಿಯಷ್ಟು ನುಣುಪು, ಕೈಯಲ್ಲಿ ಬೆಳ್ಳಿಯ ಕುಡಿಕೆ.

"ಈ ಲೇಪ ಹಚ್ಚಿದರೆ ಕಣ್ಣು ಮಿಟುಕಿಸುವುದರೊಳಗೆ ಸುಕ್ಕು ಮಾಯ" ಎಂದ. "ಮೊದಲು ಯಾರು?"

"ನನ್ನ ಜನಕ್ಕೆ ಹಚ್ಚುವ ಮುಂಚೆ ನನಗೆ ಹಚ್ಚು" ಎಂದಳು ರಾಣಿ. "ಕೆಟ್ಟದ್ದಾದರೆ ನನಗೇ ಆಗಲಿ."

ಹಚ್ಚಿದ. ಸುಕ್ಕು ಮಾಯವಾಯಿತು. ಸಭೆ ಜಯಕಾರ ಹಾಕಿತು. ಚಾವಲೆ ಓಡಿಹೋಗಿ ತಾಯಿಯ ಕೈ ಹಿಡಿದಳು.

"ಅಮ್ಮಾ, ಹೇಗಿದೆ?"

ರಾಣಿಯ ಹುಬ್ಬು ಅಲುಗಲಿಲ್ಲ, ಕೆನ್ನೆ ಕದಲಲಿಲ್ಲ. "ಮಾಂತ್ರಿಕ ಹೇಳಿದಂತೆ ಆಗಲಿ" ಎಂದಳು. ಏನು ಕೇಳಿದರೂ ಅದೇ ಉತ್ತರ. ಮಗಳು ಗಳಗಳ ಅತ್ತರೂ ತಾಯಿ ತಿರುಗಿ ನೋಡಲಿಲ್ಲ. ಹೊರಗೆ ಊರಿಗೆ ಊರೇ ಆ ಕುಡಿಕೆಗಾಗಿ ಸಾಲು ನಿಂತಿತ್ತು.

ಚಾವಲೆ ಅರಮನೆಯ ವೈದ್ಯ ಮಾಚಯ್ಯನ ಬಳಿಗೆ ಹೋದಳು. ಅವನು ಸುಕ್ಕುಗಟ್ಟಿದ ತಲೆಯಾಡಿಸಿ ಹೇಳಿದ: "ಆ ಲೇಪ ವಾಸಿ ಮಾಡುವುದಿಲ್ಲ ತಾಯಿ, ಬರೀ ಮುಚ್ಚುತ್ತದೆ. ಹುಣ್ಣಿಮೆಯ ಹೊತ್ತಿಗೆ ಹಚ್ಚಿಕೊಂಡವರೆಲ್ಲ ಕಲ್ಲಾಗುತ್ತಾರೆ. ಬಾಡಿದ ಚರ್ಮಕ್ಕೆ ಮೂರು ಬೇಕು. ನೀರು, ನೆರಳು, ಚಿಗುರು. ನೀರು ಉಡದ ಕಣಿವೆಯಲ್ಲಿದೆ, ನೆರಳು ಗಂಡಭೇರುಂಡದ ಬಯಲಲ್ಲಿದೆ, ಚಿಗುರು ಸರ್ಪದ ಗವಿಯಲ್ಲಿದೆ. ಆದರೆ ಅಲ್ಲೆಲ್ಲ ಮೋಸದ ಮದ್ದುಗಳೂ ಇವೆ. ಆರಿಸುವುದು ನಿನ್ನ ಪಾಲಿನ ಕೆಲಸ. ಏನೇ ಸಿಕ್ಕರೂ ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿ ಕಾಯಿ. ಆಮೇಲೆ ನಂಬು."

ಚಾವಲೆ ಒಂದು ತೊಗಲ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಹೋದಳು, ಹೋದಳು, ಉಡದ ಕಣಿವೆ ಮುಟ್ಟಿದಳು. ಬಂಡೆಯಷ್ಟು ದೊಡ್ಡ ಉಡ ದಾರಿಗೆ ಅಡ್ಡ ಮಲಗಿತ್ತು. ಅದರ ಒಂದು ಪಕ್ಕದಲ್ಲಿ ಸ್ಫಟಿಕದ ತಾವರೆ, ಅದರಿಂದ ತಣ್ಣೀರು ತೊಟ್ಟಿಕ್ಕುತ್ತಿತ್ತು. ಇನ್ನೊಂದು ಪಕ್ಕದಲ್ಲಿ ಮುಳ್ಳಂಚಿನ ಲೋಳೆಸರದ ಗಿಡ.

"ಒಂದನ್ನು ಆರಿಸು. ತಪ್ಪಿದರೆ ನನ್ನ ಊಟವಾಗುತ್ತೀಯೆ" ಎಂದಿತು ಉಡ.

ಚಾವಲೆ ತಾವರೆಯ ನೀರನ್ನು ಒಂದು ಮೊಣಕೈಗೆ, ಲೋಳೆಯನ್ನು ಇನ್ನೊಂದಕ್ಕೆ ಹಚ್ಚಿ ಕೂತಳು.

"ಬೇಗ ಹೇಳು!"

"ತಡಿ, ಹಸಿವಾದರೆ ನೊಣ ಹಿಡಿ" ಎಂದಳು.

ತಾವರೆಯ ನೀರು ಗಾಳಿಗೆ ಆರಿ, ಚರ್ಮ ಮೊದಲಿಗಿಂತ ಬಿರುಸಾಯಿತು. ಲೋಳೆ ಹಚ್ಚಿದ ಜಾಗ ಮಾತ್ರ ಬಿಸಿಲೇರಿದರೂ ಮೆತ್ತಗೇ ಇತ್ತು. ನೀರು ಕೊಟ್ಟರೆ ಸಾಲದು, ಹಿಡಿದಿಟ್ಟುಕೊಳ್ಳಬೇಕು ಎಂದು ಅವಳಿಗೆ ತಿಳಿಯಿತು. ಲೋಳೆಸರವನ್ನು ಮುಟ್ಟಿದಳು. ಉಡ ನಿಟ್ಟುಸಿರು ಬಿಟ್ಟು ದಾರಿ ಕೊಟ್ಟಿತು. ಚೀಲದ ತುಂಬ ಲೋಳೆ ತುಂಬಿಕೊಂಡಳು.

ಹೋದಳು, ಹೋದಳು, ಗಂಡಭೇರುಂಡದ ಬಯಲು ಮುಟ್ಟಿದಳು. ಅಲ್ಲಿ ಸೂರ್ಯ ತೆಂಗಿನ ಮರದೆತ್ತರಕ್ಕೆ ಇಳಿದು ಸುಡುತ್ತಿದ್ದ. ಎರಡು ತಲೆಯ ಹಕ್ಕಿ ಗೂಡಿನ ಮೇಲೆ ಕೂತಿತ್ತು.

"ಈ ಬೆಳ್ಳನೆಯ ಭಸ್ಮ ಬಳಿದುಕೋ, ಬಿಸಿಲು ತಾಗದು" ಎಂದಿತು ಒಂದು ತಲೆ.

"ಅದು ಸೀಸದ ಭಸ್ಮ, ವಿಷ! ಈ ಹೊಳೆಯುವ ತೈಲ ಹಚ್ಚಿಕೋ" ಎಂದಿತು ಇನ್ನೊಂದು.

"ಅದು ಬಿಸಿಲಿಗೆ ಕುದಿಯುತ್ತದೆ, ಹಚ್ಚಿಕೊಂಡರೆ ಹುರಿದು ಹೋಗುತ್ತಾಳೆ!"

ಎರಡೂ ತಲೆಗಳು ಜಗಳಕ್ಕೆ ನಿಂತವು. ಚಾವಲೆ ಗೂಡಿನೊಳಗೆ ಇಣುಕಿದಳು. ರೆಕ್ಕೆ ಬಾರದ ಬೋಳು ಮರಿಗಳು ಅಷ್ಟು ಬಿಸಿಲಲ್ಲೂ ಹಾಯಾಗಿ ನಿದ್ದೆ ಮಾಡುತ್ತಿದ್ದವು. ಮೈಯೆಲ್ಲ ಬೂದುಬಣ್ಣದ ಜೇಡಿಮಣ್ಣು.

"ನನಗೆ ಅದೂ ಬೇಡ, ಇದೂ ಬೇಡ. ನಿನ್ನ ಮಕ್ಕಳಿಗೆ ಏನು ಹಚ್ಚಿದ್ದೀಯೋ ಅದನ್ನು ಕೊಡು."

ಎರಡೂ ತಲೆಗಳು ಜಗಳ ಬಿಟ್ಟು ಕೆಳಕ್ಕೆ ಬಾಗಿದವು. ಆಮೇಲೆ ಹಕ್ಕಿ ನಾಚಿಕೊಂಡು ಗೂಡಿನಡಿಯ ಕೆಸರುಗುಂಡಿ ತೋರಿಸಿತು. ಚಾವಲೆ ಮೊಣಕೈಗೆ ಹಚ್ಚಿ, ಕಾದು, ನಂಬಿ, ದೊಡ್ಡ ಮುದ್ದೆ ಕಟ್ಟಿಕೊಂಡಳು. ದಾರಿಯ ಬಿಸಿಲಿಗೆಂದು ತನ್ನ ಮುಖಕ್ಕೂ ಮೆತ್ತಿಕೊಂಡಳು.

ಹೋದಳು, ಹೋದಳು, ಸರ್ಪದ ಗವಿ ಮುಟ್ಟಿದಳು. ಏಳು ಹೆಡೆಯ ಸರ್ಪ ಆಗಷ್ಟೇ ಪೊರೆ ಕಳಚಿ ಹೊಸ ಮೈಯಲ್ಲಿ ಮಿನುಗುತ್ತಿತ್ತು. ಅದರ ಮುಂದೆ ಕಳಚಿದ ಪೊರೆ, ಪಕ್ಕದಲ್ಲಿ ಕೆಂಪು ಬೀಜಗಳ ರಾಶಿ.

"ಈ ಪೊರೆ ಹೊದ್ದರೆ ಈಗಲೇ ಹೊಸ ಚರ್ಮ ಬರುತ್ತದೆ. ಆದರೆ ಅದು ಹಾವಿನ ಚರ್ಮ" ಎಂದಿತು ಸರ್ಪ. "ಈ ಬೀಜದ ರಸ ನಿನ್ನ ಚರ್ಮವನ್ನೇ ಚಿಗುರಿಸುತ್ತದೆ. ಆದರೆ ಉರಿಯುತ್ತದೆ."

ಚಾವಲೆಗೆ ಪರೀಕ್ಷೆ ಸುಲಭವೆನಿಸಿತು. ಅಷ್ಟರಲ್ಲಿ ಗವಿಯ ಬಾಯಲ್ಲಿ ಒಂದು ಗಿಳಿ ಬಂದು ಕೂತು, "ನಾಳೆ ಹುಣ್ಣಿಮೆ! ರಾಣಿ ನಾಳೆ ಮಾಂತ್ರಿಕನಿಗೆ ಕಿರೀಟ ಕೊಡುತ್ತಾಳಂತೆ!" ಎಂದು ಕೂಗಿ ಹಾರಿತು. ಚಾವಲೆಗೆ ಕಾಯುವ ವ್ಯವಧಾನವೇ ಉಳಿಯಲಿಲ್ಲ. ಹಿಡಿ ಬೀಜ ಹಿಸುಕಿ ತೋಳಿಗೆಲ್ಲ ಸವರಿಕೊಂಡಳು. ತೋಳು ಧಗಧಗ ಉರಿದು ಬೊಬ್ಬೆ ಎದ್ದಿತು. ನೋವಿಗೆ ನೆಲದ ಮೇಲೆ ಹೊರಳಾಡಿದಳು.

ಚಾವಲೆ ಅಳುತ್ತಲೇ ಚೀಲ ಬಿಚ್ಚಿ ಲೋಳೆ ಹಚ್ಚಿಕೊಂಡಳು. ಉರಿ ಇಳಿಯಿತು. ಕಣ್ಣೊರೆಸಿಕೊಂಡು ಕೇಳಿದಳು: "ಇದನ್ನು ಎಷ್ಟು ಹಚ್ಚಬೇಕು?"

ಏಳೂ ಹೆಡೆಗಳು ಒಮ್ಮೆಗೇ ಬಾಗಿದವು. "ಇಲ್ಲಿಗೆ ಬಂದವರೆಲ್ಲ ಎಷ್ಟು ಬೇಗ ಎಂದು ಕೇಳಿದರು. ಎಷ್ಟು ಎಂದು ಕೇಳಿದವಳು ನೀನೊಬ್ಬಳೇ. ಒಂದು ಬೊಗಸೆ ಲೋಳೆಗೆ ಒಂದೇ ಹನಿ. ಬಿಸಿಲಿಗೆ ಹೋಗುವಾಗ ಮೇಲೆ ಜೇಡಿ. ದಿನವೂ ಹಚ್ಚಬೇಕು, ಬೇಸರ ಪಡಬಾರದು. ಬೀಜ ಕಟ್ಟಿಕೊಂಡು ಏರು ನನ್ನ ಬೆನ್ನ ಮೇಲೆ, ಊರು ಮುಟ್ಟಿಸುತ್ತೇನೆ."

ಮರುದಿನ ನಡುಹಗಲು. ತುಂಬಿದ ಸಭೆಯಲ್ಲಿ ನುಣುಪು ಮುಖದ ಜನ ಸಾಲಾಗಿ ನಿಂತಿದ್ದರು. ಒಬ್ಬರೂ ಕೆಮ್ಮುತ್ತಿರಲಿಲ್ಲ, ಒಬ್ಬರೂ ಪಿಸುಗುಡುತ್ತಿರಲಿಲ್ಲ. ರಾಣಿ ಕಿರೀಟಕ್ಕೆ ಕೈಹಾಕಿದ್ದಳು.

"ನಿಲ್ಲಿ!" ಎನ್ನುತ್ತ ಚಾವಲೆ ನುಗ್ಗಿದಳು. ಮುಖದ ತುಂಬ ಕೆಸರು, ಕೂದಲ ತುಂಬ ಮುಳ್ಳು ಕಡ್ಡಿ, ಹಿಂದೆ ಏಳು ಹೆಡೆಯ ಸರ್ಪ.

ಶುಷ್ಕಕೇತು ನಕ್ಕ. ಅವನ ತುಟಿ ಮಾತ್ರ ನಕ್ಕಿತು. "ನಿನ್ನ ಲೇಪಕ್ಕೆ ಸುಕ್ಕು ಯಾವಾಗ ಹೋಗುತ್ತದೆ, ರಾಜಕುಮಾರಿ?"

"ಇವತ್ತು ಹೋಗುವುದಿಲ್ಲ. ನಾಳೆಯೂ ಇಲ್ಲ" ಎಂದಳು ಚಾವಲೆ. "ಆದರೆ ಹಚ್ಚಿಕೊಂಡವರು ಅಳಬಹುದು, ನಗಬಹುದು, ನಿನಗೆ ಬೈಯಬಹುದು."

ಅವಳು ಬೊಗಸೆ ಲೋಳೆಗೆ ಒಂದು ಹನಿ ರಸ ಬೆರೆಸಿ ತಾಯಿಯ ಮುಖಕ್ಕೆ ಹಚ್ಚಿದಳು. ಮಾಂತ್ರಿಕ ಕೆನ್ನೆ ಉಬ್ಬಿಸಿ ಒಣಗಾಳಿ ಊದಿದ. ಚಾವಲೆ ಥಟ್ಟನೆ ಮೇಲೆ ಜೇಡಿ ಮೆತ್ತಿದಳು. ಗಾಳಿ ಜೇಡಿಗೆ ಬಡಿದು ಹಿಂದಿರುಗಿತು. ಒಳಗೆ ಲೋಳೆ ನೆನೆಸಿತು, ರಸ ಇಳಿಯಿತು. ಚಿಪ್ಪಿನಂಥ ನುಣುಪಿನಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟಿತು. ರಾಣಿಯ ಕಣ್ಣು ಮೆಲ್ಲಗೆ ಹೊರಳಿ ಮಗಳ ಮೇಲೆ ನಿಂತಿತು. ಕೆಸರು, ಮುಳ್ಳು, ಕಡ್ಡಿ ಎಲ್ಲವನ್ನೂ ನೋಡಿತು.

"ಏನೇ ಇದು ನಿನ್ನ ಅವತಾರ!" ಎಂದು ರಾಣಿ ಗಹಗಹಿಸಿ ನಕ್ಕಳು.

ನಕ್ಕ ರಭಸಕ್ಕೆ ಮುಖದ ಚಿಪ್ಪು ಚೂರುಚೂರಾಗಿ ನೆಲಕ್ಕುರುಳಿತು. ಆ ನಗು ಕಂಬದಿಂದ ಕಂಬಕ್ಕೆ ಬಡಿದು ಸಭೆಯನ್ನೆಲ್ಲ ಮುಟ್ಟಿತು. ಪಟಪಟನೆ ಎಲ್ಲರ ಚಿಪ್ಪೂ ಒಡೆದವು. ಜನ ಅತ್ತರು, ನಕ್ಕರು, ಮಾಂತ್ರಿಕನಿಗೆ ಬಾಯ್ತುಂಬ ಬೈದರು. ಕೊನೆಗೆ ಶುಷ್ಕಕೇತುವಿನ ಚಿಪ್ಪೂ ಒಡೆಯಿತು. ಅದರ ಒಳಗೆ ಮುಖವೇ ಇರಲಿಲ್ಲ, ಬರೀ ಆ ಒಣಗಾಳಿ! ಗಾಳಿ ಕಿಟಕಿಯತ್ತ ಓಡಿತು. ಚಾವಲೆ ತೊಗಲ ಚೀಲದಲ್ಲಿ ಉಳಿದಿದ್ದುದನ್ನು ಸುರಿದು, ಚೀಲವನ್ನು ಅಡ್ಡ ಹಿಡಿದು, ಒಳಗೆ ತುಂಬಿಸಿ, ಬಾಯಿಗೆ ಗಂಟು ಹಾಕಿದಳು. ಆ ಚೀಲವನ್ನು ಕಮ್ಮಾರರಿಗೆ ಕೊಟ್ಟರು. ಅಂದಿನಿಂದ ಅವನು ಕುಲುಮೆಯಲ್ಲಿ ತಿದಿಯಾಗಿ, ಬಡವರ ನೇಗಿಲಿನ ಗುಳ ಕಾಯಿಸಲು ಉಸಿರು ಊದುತ್ತಿದ್ದಾನೆ.

ಸಿರಿವೊಳಲಿನ ಮನೆಮನೆಯಲ್ಲೂ ಲೋಳೆಸರ ನೆಟ್ಟರು. ದಿನವೂ ಹಚ್ಚಿದರು, ಬೇಸರ ಪಡಲಿಲ್ಲ. ಮೊದಲು ಕೂಸುಗಳ ಕೆನ್ನೆ ತುಂಬಿತು. ಆಮೇಲೆ ಆ ಮದುಮಗಳ ಕೆನ್ನೆ ತುಂಬಿ, ನಿಂತ ಮದುವೆ ಡೋಲು ವಾಲಗದೊಂದಿಗೆ ನಡೆಯಿತು. ಚಾವಲೆಯ ಮುಖವೂ ಮೊದಲಿನಂತಾಯಿತು.

ರಾಣಿಯ ಮುಖದಲ್ಲಿ ಮಾತ್ರ ಕಣ್ಣಂಚಿನ ಎರಡು ಗೆರೆ ಉಳಿದವು. ಚಾವಲೆ ಪೇಚಾಡಿಕೊಂಡು ಮತ್ತೆ ಲೇಪ ಕಲಸಲು ಕೂತಳು.

ರಾಣಿ ಅವಳ ಕೈ ಹಿಡಿದಳು. "ಇವು ಗಾಳಿ ತಂದ ಗೆರೆಗಳಲ್ಲ ಮಗಳೇ. ನೀನು ಮೊದಲ ಸಲ ಹೆಜ್ಜೆ ಇಡಲು ಹೋಗಿ ಧೊಪ್ಪನೆ ಬಿದ್ದೆಯಲ್ಲ, ಆಗ ನಕ್ಕಿದ್ದಕ್ಕೆ ಬಂದವು. ಇರಲಿ ಬಿಡು."

ಹಾಗೆ ತಾಯಿ ಮಗಳು ಸುಖವಾಗಿ ಬಾಳಿದರು. ಸಿರಿವೊಳಲಿನ ಜನ ಹೊಟ್ಟೆ ತುಂಬ ಉಂಡು, ಕೆನ್ನೆ ನೋಯುವಷ್ಟು ನಕ್ಕು, ತಮ್ಮ ತಮ್ಮ ಕಾಲಕ್ಕೆ ಸರಿಯಾಗಿ ಮುದುಕರಾದರು.