ಕೊಳವೆಬಾವಿಯಿಂದ ಬಂದ ಬಟ್ಟೆ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಮ್ಮ ಕೊಳವೆಬಾವಿಯ ಪಂಪು ಕೆಟ್ಟರೆ ನಮ್ಮ ಯಜಮಾನರೇ ಸರಿಮಾಡುತ್ತಿದ್ದರು. ಅವರು ತೀರಿಹೋಗಿ ನಾಲ್ಕು ವರ್ಷವಾದ ಮೇಲೆ ಮೊದಲ ಸಲ ಪಂಪು ನಿಂತಿತು. ಒಬ್ಬ ಮೆಕ್ಯಾನಿಕ್ ನಾಳೆ ನಾಳೆ ಎನ್ನುತ್ತ ವಾರ ಕಳೆದ. ಇನ್ನೊಬ್ಬ ಸ್ವಿಚ್ ಅದುಮಿ ನೋಡಿ, ಹೊಸ ಬಾವಿಯನ್ನೇ ಕೊರೆಸಿ ಎಂದ. ಕೊನೆಗೆ ಪೈಪಿನ ಅಂಗಡಿಯವರು ಒಬ್ಬ ಹಿರಿಯ ಮೇಸ್ತ್ರಿಯನ್ನು ಕಳಿಸಿದರು.

ಅವರು ರಾಟೆ ಕಟ್ಟಿ, ಮಧ್ಯಾಹ್ನದವರೆಗೂ ಪೈಪುಗಳನ್ನು ಒಂದೊಂದಾಗಿ ಮೇಲೆಳೆದರು. ಮೋಟಾರಿನ ಬಳಿ ಬಟ್ಟೆ ಸುತ್ತಿದ ವೈರಿನ ಜಾಯಿಂಟ್ ಕಂಡಾಗ ಕೈ ನಿಲ್ಲಿಸಿದರು.

“ಯಾರಮ್ಮಾ ಇದನ್ನ ಸುತ್ತಿದ್ದು? ಕೆಲಸ ಚೆನ್ನಾಗಿದೆ.”

“ನಮ್ಮನೆಯವರು. ಈಗಿಲ್ಲ. ನಾಲ್ಕು ವರ್ಷ ಆಯ್ತು.”

“ಆದ್ರೆ ಇದು ಹೊಸ ಬಟ್ಟೆ ಕಣಮ್ಮಾ.”

ಹಳದಿ ಹೂವಿನ ಬಟ್ಟೆ. ಹೋದ ತಿಂಗಳಷ್ಟೇ ನಾನು ಕೊಂಡ ಹೊದಿಕೆಯದು. ಒಳಗೆ ಓಡಿ ಹೊದಿಕೆ ಬಿಡಿಸಿ ನೋಡಿದೆ. ಕಾಲಿನ ಕಡೆ ಎರಡು ಬೆರಳಗಲದ ಪಟ್ಟಿ ಇರಲಿಲ್ಲ. ಎಳೆ ಬಿಚ್ಚದಿರಲೆಂದು ಅಂಚನ್ನು ಮಡಚಿ, ಯಾರೋ ಕೈಯಲ್ಲೇ ಹೊಲಿದಿದ್ದರು. ದೊಡ್ಡ ದೊಡ್ಡ, ಸೊಟ್ಟ ಹೊಲಿಗೆ. ನಮ್ಮ ಯಜಮಾನರು ಅಂಗಿಗೆ ಗುಂಡಿ ಹೊಲಿದುಕೊಳ್ಳುತ್ತಿದ್ದ ಹಾಗೆಯೇ. ಹೆದರಿಕೆಯಾಗಲಿಲ್ಲ, ಆ ಹೊಲಿಗೆಯ ಮೇಲೆ ಒಮ್ಮೆ ಬೆರಳಾಡಿಸಿದೆ.

ಹೊರಗೆ ಬರುವಷ್ಟರಲ್ಲಿ ಮೇಸ್ತ್ರಿ ಪಂಪಿನಲ್ಲಿ ಸಿಕ್ಕಿಕೊಂಡಿದ್ದ ಮರಳನ್ನೆಲ್ಲ ತೆಗೆದಿದ್ದರು.

“ಜಾಯಿಂಟ್ ಬಿಚ್ಚಿ ಬೇರೆ ಹಾಕ್ಲಾ?”

“ಬೇಡ, ಹಾಗೇ ಇಳಿಸಿ.”

“ಇಳಿಸೋ ಮುಂಚೆ ಒಂದ್ಸಲ ಮುಟ್ಟಿ ನೋಡಮ್ಮಾ,” ಎಂದು ಮೆಲ್ಲಗೆ ಹೇಳಿದರು.

ಮುಟ್ಟಿದೆ. ನೂರೆಂಬತ್ತು ಅಡಿ ಆಳದ ನೀರಿನಿಂದ ಆಗಷ್ಟೇ ಮೇಲೆ ಬಂದಿದ್ದ ಆ ಬಟ್ಟೆ ಒಣಗಿತ್ತು. ಬೆಚ್ಚಗೂ ಇತ್ತು.