ಕಾಣದ ಚುಕ್ಕಿ

ಪ್ರತಿ ಸಲವೂ ಒಂದೇ ನಿಮಿಷಕ್ಕೆ ಹೇಗೆ? ಗುಬ್ಬಿಯ ತಲೆಯೊಳಗೆ ಅದೇ ಕೊರೆಯುತ್ತಿತ್ತು. ಊಟಕ್ಕೆ ಮೂರು ಸಲ ಕೂಗಿದರೂ ಏಳದ ಅಕ್ಕ, ಅಪ್ಪನ ಮೇಲ್ ಬಂದ ಒಂದೇ ನಿಮಿಷಕ್ಕೆ ಓಪನ್ ಮಾಡುತ್ತಾಳೆಯೇ? ಅದೂ ಎಂಟು ಶನಿವಾರ, ಒಂದೂ ತಪ್ಪದೆ?

ಅಪ್ಪನದು ಸಸಿ ಮಾರುವ ನರ್ಸರಿ. ಶನಿವಾರ ಬೆಳಿಗ್ಗೆ ಗಿರಾಕಿಗಳಿಗೆಲ್ಲ, ಅದೇ ಪಟ್ಟಿಯಲ್ಲಿರುವ ಅಕ್ಕನಿಗೂ, ಒಂದು ಇ-ಮೇಲ್ ಹೋಗುತ್ತದೆ. ಯಾವ ಸಸಿ ಬಂದಿದೆ, ಯಾವುದಕ್ಕೆ ಎಷ್ಟು ನೀರು ಎಂದು ಅಪ್ಪ ಮಣ್ಣು ಮೆತ್ತಿದ ಕೈಯಲ್ಲೇ ನಿಂತು ಹೇಳುತ್ತಾರೆ, ಗುಬ್ಬಿ ಟೈಪ್ ಮಾಡುತ್ತಾಳೆ. ಕಳಿಸಿದ ಮೇಲೆ, ಯಾರು ಎಷ್ಟು ಗಂಟೆಗೆ ಓಪನ್ ಮಾಡಿದರು ಎಂಬ ಪಟ್ಟಿ ಕಂಪ್ಯೂಟರಿನಲ್ಲಿ ಬರುತ್ತದೆ.

"ಹಲ್ಲಿನ ಡಾಕ್ಟರು ನಾಲ್ಕು ಸಲ ನೋಡಿದಾರೆ. ಕೊಳ್ಳೋಕೆ ಮಾತ್ರ ಕೈ ಬರಲ್ಲ," ಎಂದು ಅಪ್ಪ ನಗುತ್ತಿದ್ದರು. ಅವರ ಕಣ್ಣು ಹುಡುಕುತ್ತಿದ್ದದ್ದು ಮಾತ್ರ ಅಕ್ಕನ ಹೆಸರನ್ನು.

ನರ್ಸರಿ ಬೇಡ, ಬಸ್ ಓಡಿಸುವ ಕೆಲಸಕ್ಕೆ ಸೇರುತ್ತೇನೆ ಎಂದು ಅಕ್ಕ ಹಟ ಹಿಡಿದಿದ್ದಳು. ಹಾಗಾದರೆ ಈ ಮನೆ ಮೆಟ್ಟಿಲು ಹತ್ತಬೇಡ ಎಂದುಬಿಟ್ಟರು ಅಪ್ಪ. ಅವಳು ಬ್ಯಾಗ್ ಎತ್ತಿಕೊಂಡು ಹೋಗಿ ಎರಡು ತಿಂಗಳಾಯಿತು. ಗುಬ್ಬಿ ಎರಡು ಸಲ ಕದ್ದು ಫೋನ್ ಮಾಡಿದ್ದಳು. ಅಕ್ಕ ಎತ್ತಿರಲಿಲ್ಲ.

ಅಪ್ಪ ಫೋನ್ ಮಾಡಲೇ ಇಲ್ಲ. ಮೇಲ್‌ನ ಕೊನೆಗೆ ಒಂದು ಸಾಲು ಸೇರಿಸಲು ಹೇಳುತ್ತಿದ್ದರು, ಅಷ್ಟೆ. 'ಗೇಟಿನ ಪಕ್ಕದ ಗುಲಾಬಿ ಎರಡು ಮೊಗ್ಗು ಬಿಟ್ಟಿದೆ.' ಅದು ಅಕ್ಕ ನೆಟ್ಟ ಗಿಡ, ಮಾರುವುದಕ್ಕಲ್ಲ. ಗಿರಾಕಿಗಳಿಗೆ ಏನು ಅರ್ಥವಾಗುತ್ತಿತ್ತೋ ಏನೋ.

ಶುಕ್ರವಾರ ಗುಬ್ಬಿ ಶಾಲೆಯ ಕಂಪ್ಯೂಟರ್ ಮಿಸ್ಸನ್ನು ಕೇಳಿಯೇಬಿಟ್ಟಳು. ಅವರು ಬೋರ್ಡಿನ ಮೇಲೆ ಒಂದು ಚುಕ್ಕಿ ಇಟ್ಟು ವಿವರಿಸಿದರು. ಇಂಥ ಮೇಲ್‌ಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದು ಅಡಗಿರುತ್ತದಂತೆ. ಮೇಲ್ ತೆರೆದ ಕೂಡಲೇ ಅದು ದೂರದ ಕಂಪ್ಯೂಟರಿನಿಂದ ಬರಬೇಕು. ಅದನ್ನು ತರಿಸಿಕೊಂಡವರು ಯಾರು, ಎಷ್ಟು ಗಂಟೆಗೆ ಎಂದು ಅಲ್ಲಿ ದಾಖಲಾಗುತ್ತದೆ.

"ಓದೋರಿಗೆ ಇದು ಗೊತ್ತಾಗಲ್ವಾ ಮಿಸ್?"

"ಬಹಳ ಜನಕ್ಕೆ ಗೊತ್ತಾಗಲ್ಲ."

ಗುಬ್ಬಿ ಒಂದು ನಿಮಿಷದ ಸಂಗತಿ ಹೇಳಿದಳು. ಮಿಸ್ ಸ್ವಲ್ಪ ಯೋಚಿಸಿದರು.

"ಯಾವಾಗ್ಲೂ ಒಂದೇ ನಿಮಿಷ ಅಂದ್ರೆ ಅದು ಮನುಷ್ಯರ ಕೆಲಸ ಅಲ್ಲ ಅನ್ಸತ್ತೆ ಮರಿ. ಕೆಲವು ಮೇಲ್ ಕಂಪನಿಗಳು ಚಿತ್ರಗಳನ್ನ ತಾವೇ ಮೊದಲು ತರಿಸಿ ಇಟ್ಕೊಳ್ತವೆ. ಮೇಲ್ ಬಂದವರು ನೋಡ್ಲಿ ಬಿಡ್ಲಿ, ಓಪನ್ ಅಂತ್ಲೇ ಬರತ್ತೆ."

ಶನಿವಾರ ಬಂತು. ಕೊನೆಯ ಸಾಲು: 'ಗುಲಾಬಿ ಅರಳಿದೆ. ಕೀಳಲಿಲ್ಲ.' ಗುಬ್ಬಿಯ ಬೆರಳು ಕೀಲಿಯ ಮೇಲೆ ನಿಂತಿತು.

"ಅಪ್ಪಾ, ಅಕ್ಕಂಗೆ ಒಂದ್ಸಲ ಫೋನ್ ಮಾಡಬಾರದಾ?"

ಅಪ್ಪ ಕುಂಡದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದರು. ಒತ್ತಿದ್ದನ್ನೇ ಮತ್ತೆ ಒತ್ತಿದರು.

"ಎತ್ತದೇ ಹೋದ್ರೆ?" ಎಂದರು ಆಮೇಲೆ. "ಇದಾದ್ರೆ ನೋಡ್ತಾಳಲ್ಲ."

ಗುಬ್ಬಿ ಆ ಸಾಲು ಮುಗಿಸಿದಳು. ಸೆಂಡ್ ಒತ್ತಿದಳು. ಇಬ್ಬರೂ ಪರದೆ ನೋಡುತ್ತ ಕಾದರು. ಸರಿಯಾಗಿ ಒಂದು ನಿಮಿಷಕ್ಕೆ ಅಕ್ಕನ ಹೆಸರಿನ ಮುಂದೆ ಹಸಿರು ಗುರುತು ಬಂತು.

"ಬಂತಾ?" ಕನ್ನಡಕ ಹುಡುಕುತ್ತ ಅಪ್ಪ ಕೇಳಿದರು.

"ಬಂತಪ್ಪ."

ಅಪ್ಪ ನೀರಿನ ಕ್ಯಾನ್ ಎತ್ತಿಕೊಂಡು ಗುಲಾಬಿಯ ಕಡೆ ನಡೆದರು. ಬೆಳಿಗ್ಗೆಗಿಂತ ಅವರ ಹೆಜ್ಜೆ ಹಗುರವಾಗಿತ್ತು.

ಆ ಗುರುತು ಅಕ್ಕನದಲ್ಲ ಎಂದು ಗುಬ್ಬಿ ಅವರಿಗೆ ಹೇಳಲಿಲ್ಲ. ಮುಂದಿನ ಶನಿವಾರವೂ ಹೇಳಲಿಲ್ಲ.