ತಳ ಹಿಡಿದ ಬೇಳೆ

ತಳ ಹಿಡಿದ ಬೇಳೆಯ ವಾಸನೆ ಬಂದರೆ ವಿಶಾಖಾಳಿಗೆ ಇಂದಿಗೂ ಹಸಿವಾಗುತ್ತದೆ. ಬೇರೆಯವರು ಮೂಗು ಮುಚ್ಚಿಕೊಳ್ಳುವ ಆ ವಾಸನೆ ಅವಳ ಬಾಲ್ಯದ ಮಧ್ಯಾಹ್ನಗಳದ್ದು. ಅಷ್ಟು ದೊಡ್ಡ ಪಾತ್ರೆ, ಹಸಿ ಕಟ್ಟಿಗೆ, ಅಡುಗೆಗೆ ದಾನಮ್ಮ ಒಬ್ಬಳೇ. ತಳ ಹಿಡಿಯದೆ ಇರುವುದಾದರೂ ಹೇಗೆ?

ನಂದಕುಮಾರನ ಪರಿಚಯವಾದದ್ದೂ ಆ ವಾಸನೆಯಿಂದಲೇ. ಬೀದರಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವನು ಡಬ್ಬಿ ತೆರೆದು, ನಾಚಿ, ಮತ್ತೆ ಮುಚ್ಚಿದ್ದ.

"ಯಾಕ್ರಿ ಸರ್, ಮುಚ್ಚಿದ್ರಿ?"

"ಮನ್ಯಾಗ ಅಪ್ಪ, ನಾನು, ಇಬ್ಬರೇ ಮೇಡಂ. ಅಡಗಿ ನಂದೇ. ಬ್ಯಾಳಿ ತಳಾ ಹತ್ಯಾದ."

"ಇಲ್ಲಿ ಕೊಡ್ರಿ."

ಅವಳು ಡಬ್ಬಿಯ ತಳವನ್ನೂ ರೊಟ್ಟಿಯಿಂದ ಒರೆಸಿ ಉಂಡಳು. ಅವನು ನೋಡುತ್ತಲೇ ಕೂತ.

"ಗಣಿತದ ಮೇಡಂಗ ಶೇಷ ಉಳಸೋ ರೂಢಿ ಇಲ್ಲೇನ್ರಿ?"

ಅವಳು ನಕ್ಕಳು. ನಗುವಾಗ ತಲೆ ತಗ್ಗಿಸುತ್ತಾಳೆ ಎಂಬುದನ್ನು ಅವನು ಅಂದೇ ಗಮನಿಸಿದ. ಯಾಕೆಂದು ತಿಳಿಯಲು ವರ್ಷಗಳೇ ಬೇಕಾದವು.

"ನಮ್ಮೂರು ಎಕಂಬಾ. ಅವ್ವ ಅಲ್ಲೇ ಇರ್ತಾಳ್ರಿ," ಎಂದಿದ್ದಳು ವಿಶಾಖಾ. ಎಕಂಬಾದಲ್ಲಿ ಅವಳು ಹುಟ್ಟಿದ್ದಳು, ಅಷ್ಟೇ. ಹೆತ್ತವರು ತೀರಿಕೊಂಡ ಮೇಲೆ ಬೆಳೆದದ್ದು ಭಾಲ್ಕಿಯ ಮಕ್ಕಳ ಆಶ್ರಮದಲ್ಲಿ. ಪರೀಕ್ಷೆಯ ಬೆಳಿಗ್ಗೆ, ಅಲ್ಲಿ ಅಡುಗೆ ಮಾಡಿ ಮಕ್ಕಳನ್ನು ಸಾಕುತ್ತಿದ್ದ ದಾನಮ್ಮ ಹಣೆಗೆ ವಿಭೂತಿ ಹಚ್ಚಿ, "ಬಸವಣ್ಣ ಇದ್ದಾನ, ಹೆದರಬ್ಯಾಡ. ಆದ್ರ ಲೆಕ್ಕ ನೀನೇ ಮಾಡಬೇಕವ್ವಾ," ಎನ್ನುತ್ತಿದ್ದಳು. ಆ ನಂಬಿಕೆಯೂ ಆ ಲೆಕ್ಕಗಳೂ ಸೇರಿಯೇ ಅವಳನ್ನು ಉಪನ್ಯಾಸಕಿಯ ಕುರ್ಚಿಯವರೆಗೆ ತಂದದ್ದು.

ಪ್ರೀತಿಸಿದವನಿಗೆ ಮಾತ್ರ ಆ ಆಶ್ರಮದ ಹೆಸರನ್ನು ಹೇಳಲಾಗಲಿಲ್ಲ. ಶನಿವಾರ ಅವನು ಅವಳನ್ನು ಎಕಂಬಾದ ಕಡೆಗೆ ಹೋಗುವ ಔರಾದ ಬಸ್ಸಿಗೆ ಹತ್ತಿಸಿ ಕೈಬೀಸುತ್ತಿದ್ದ. ಅವಳು ಮುಂದಿನ ಸ್ಟಾಪಿನಲ್ಲಿ ಇಳಿದು ಭಾಲ್ಕಿಯ ಬಸ್ಸು ಹಿಡಿಯುತ್ತಿದ್ದಳು. ಇಳಿಯುವಾಗ ಪ್ರತಿಸಲವೂ ಕಿವಿ ಬಿಸಿಯಾಗುತ್ತಿತ್ತು.

"ರವಿವಾರ ನಮ್ಮವ್ವನ ನೆನಪಿನ ದಿನ ಅದ," ಎಂದ ನಂದಕುಮಾರ ಒಮ್ಮೆ. "ಅಪ್ಪ ಭಾಲ್ಕಿಯೊಳಗ ಊಟ ಹಾಕಸ್ತಾರ. ನೀವೂ ಬರ್ರಿ. ಅವರು ನಿಮ್ಮನ್ನ ನೋಡಬೇಕಂತಾರ."

ಕಾರು ಬೇವಿನ ಮರದ ಓಣಿಗೆ ತಿರುಗಿದಾಗ, ಊಟ ತನ್ನ ಆಶ್ರಮದಲ್ಲೇ ಎಂದು ಅವಳಿಗೆ ತಿಳಿಯಿತು. ಆಗ ತಡವಾಗಿತ್ತು.

ಆಶ್ರಮದ ಬಾಗಿಲಲ್ಲೇ ದಾನಮ್ಮ. ವಿಶಾಖಾಳನ್ನು ಕಂಡು ಅವಳ ಮುಖ ಅರಳಿತು. ಪಕ್ಕದಲ್ಲಿ ನಂದಕುಮಾರನನ್ನೂ ಅವನ ತಂದೆ ಶಿವರಾಜಪ್ಪನವರನ್ನೂ, ವಿಶಾಖಾಳ ತಗ್ಗಿದ ಕಣ್ಣುಗಳನ್ನೂ ಕಂಡು ಆ ಮುಖ ಮೆಲ್ಲಗೆ ಸುಮ್ಮನಾಯಿತು.

"ಬರ್ರಿ ಮೇಡಂ. ಮೊದಲ್ನೇ ಸಲ ಬಂದೀರೇನ್ರಿ? ಬಿಸಲು ಭಾಳ ಅದ, ಕೂಡ್ರಿ," ಎನ್ನುತ್ತ ನೀರು ಕೊಟ್ಟಳು. ಮಕ್ಕಳಿಗೂ ಕಣ್ಣಲ್ಲೇ ಏನೋ ಹೇಳಿದಳು. ಯಾರೂ 'ಅಕ್ಕಾ' ಎನ್ನಲಿಲ್ಲ.

ಮೇಡಂ! ತನ್ನ ತಲೆಯ ಹೇನು ಹೆಕ್ಕಿದವಳು, ಜ್ವರದಲ್ಲಿ ತನ್ನನ್ನು ಎದೆಗೊತ್ತಿಕೊಂಡವಳು, ತನ್ನ ಸುಳ್ಳನ್ನೂ ಈಗ ಮಗುವಿನಂತೆ ಎತ್ತಿಕೊಂಡಿದ್ದಳು. ವಿಶಾಖಾ ನೀರಿನ ಲೋಟವನ್ನು ಹಾಗೆಯೇ ಕೆಳಗಿಟ್ಟಳು.

ನಂದಕುಮಾರ ಮಕ್ಕಳಿಗೆ ಬಡಿಸಿದ. ಶಿವರಾಜಪ್ಪನವರ ಪಕ್ಕದ ಕುರ್ಚಿಯಲ್ಲಿ ವಿಶಾಖಾ ಮುದುಡಿ ಕೂತಿದ್ದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆಯಾದರೆ ಮಕ್ಕಳು ಎದ್ದು, ಕಣ್ಣು ಮುಚ್ಚಿ, ಊಟ ಕೊಟ್ಟವರನ್ನು ಹರಸಿಯೇ ತುತ್ತು ಮುಟ್ಟಬೇಕು. ಅದು ಅಲ್ಲಿಯ ಪದ್ಧತಿ.

"ಅನ್ನ ಕೊಟ್ಟವರ ಮನಿ ತುಂಬಿರಲಿ, ಶರಣು ಶರಣಾರ್ಥಿ."

ಕಣ್ಣು ತೆರೆದಾಗ ಅತಿಥಿಗಳ ಸಾಲಿನಲ್ಲಿ ನಿಂತಿದ್ದವಳು ವಿಶಾಖಾ ಒಬ್ಬಳೇ. ಕೈಗಳು ತಾವಾಗಿಯೇ ಮುಗಿದಿದ್ದವು. ಕೊನೆಯ 'ಶರಣಾರ್ಥಿ'ಯನ್ನು ಮಕ್ಕಳಂತೆಯೇ ರಾಗ ಎಳೆದು ಮುಗಿಸಿದ್ದಳು. ನಂದಕುಮಾರ ಕೈಯಲ್ಲಿ ಸೌಟು ಹಿಡಿದು ಅವಳನ್ನೇ ನೋಡುತ್ತಿದ್ದ.

ಅವಳು ಅಡುಗೆಮನೆಯ ಹಿಂದಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಅವನು ಸೌಟಿನೊಂದಿಗೇ ಹಿಂದೆ ಬಂದ.

"ಎಕಂಬಾದ ಅವ್ವ?"

"ಇಲ್ರಿ. ಬಾಗಿಲದಾಗ ನೀರು ಕೊಟ್ಟಾಕಿನೇ ನಮ್ಮವ್ವ."

"ವರ್ಷಾನಗಟ್ಟಲೆ ಔರಾದ ಬಸ್ಸಿಗೆ ಕೈ ಬೀಸಿದೆ ನಾ. ಕಂಡಕ್ಟರ್ ಸುದ್ದಾ ನಕ್ಕಿರಬೇಕು." ನಗಿಸಲೆಂದು ಹೇಳಿದ. ಆದರೆ ಅವನಿಗೇ ನಗು ಬರಲಿಲ್ಲ. "ನನ್ನ ಮ್ಯಾಲ ಅಷ್ಟೂ ಭರೋಸಾ ಇರ್ಲಿಲ್ಲೇನ್ರಿ?"

"ನೀವು ಬಡಸೋರು. ನಾ ಆ ಸಾಲಿನ್ಯಾಗ ಕುಂತಾಕಿ. ನಾಳಿ ನಿಮ್ಮ ಮನ್ಯಾಗ ಉಣ್ಣೂ ತುತ್ತು ಸುದ್ದಾ ದಾನ ಆಗ್ತದಂತ ಅಂಜಿದೆ. ಇವತ್ತು ಅವ್ವನ್ನೇ ಹೊರಗಿನಾಕಿ ಮಾಡಿದೆ. ನೀವು ಬ್ಯಾಡ ಅಂದ್ರ ತಡಕೋತೇನಿ. ಆಕಿಗೆ ಹ್ಯಾಂಗ ಮುಖ ತೋರಸ್ಲಿ?"

ನಂದಕುಮಾರ ಸೌಟನ್ನು ಕಲ್ಲಿನ ಮೇಲಿಟ್ಟ.

"ಅವ್ವ ಹೋದಾಗಿಂದ ವರ್ಷಾ ವರ್ಷಾ ಬರ್ತೇವಿ. ಬಡಸ್ತೇವಿ, ಫೋಟೋ ತಗೀತೇವಿ, ಆಮ್ಯಾಲ ಹೋಟೆಲಿನ್ಯಾಗ ಉಂಡು ಹೋಗ್ತೇವಿ. ಇಲ್ಲಿ ಒಮ್ಮೆನೂ ಉಂಡಿಲ್ಲ. ಆ ತಾಯಿ ಹೆಸರು ಸುದ್ದಾ ನನಗ ಗೊತ್ತಿಲ್ಲ. ನಾಚಿಕಿ ಯಾರಿಗೆ ಬರಬೇಕ್ರಿ?"

"ದಾನಮ್ಮ," ಎಂದಳು ವಿಶಾಖಾ, ಕಣ್ಣೊರೆಸಿಕೊಳ್ಳುತ್ತ.

"ನಡೀರಿ. ನಿಮ್ಮನ್ನ ನನಗ ಕೊಡ್ತಾರೇನು, ಅವರನ್ನೇ ಕೇಳೂಣು."

ಅಂಗಳದಲ್ಲಿ ಶಿವರಾಜಪ್ಪನವರು ಅಡುಗೆಮನೆಯ ಕಡೆಗೇ ನೋಡುತ್ತ, ಫೋಟೋದವನಿಗೆ ಸಾಕೆಂದು ಕೈಸನ್ನೆ ಮಾಡುತ್ತಿದ್ದರು.

ದಾನಮ್ಮ ಪಾತ್ರೆಯ ತಳ ಕೆರೆಯುತ್ತಿದ್ದಳು. ವಿಶಾಖಾ ಅವಳ ಕಾಲ ಬಳಿ ಕುಸಿದು ಸೆರಗಿನ ತುದಿ ಹಿಡಿದಳು.

"ಅವ್ವಾ!" ಅಂಗಳಕ್ಕೂ ಕೇಳುವಂತೆ ಕರೆದಳು.

"ಏ, ಬಿಡು ಹುಚ್ಚಿ. ಮಸಿ ಹತ್ತತದ, ಹೊಸಾ ಸೀರಿ ಉಟ್ಟೀದಿ." ದಾನಮ್ಮ ಮೊಣಕೈಯಿಂದ ಕಣ್ಣೊರೆಸಿಕೊಂಡು ನಂದಕುಮಾರನನ್ನು ಮೇಲಿಂದ ಕೆಳಗೆ ನೋಡಿದಳು. "ಇವರಾ? ಬಡಸೂ ಮುಂದ ಅರ್ಧಾ ನೆಲಕ್ಕ ಚೆಲ್ಯಾರ."

"ಕಲಸ್ರಿ ಅವ್ವಾರ, ಕಲೀತೇನಿ," ಎಂದು ಅವನು ಅವರಿಬ್ಬರ ಎದುರು ನೆಲದ ಮೇಲೆ ಕೂತ.

ದಾನಮ್ಮ ಸ್ಟೀಲ್ ತಟ್ಟೆಯೊಂದನ್ನು ಸೆರಗಿನಿಂದ ಒರೆಸಿ, ರೊಟ್ಟಿ ಇಟ್ಟು, ತಳದ ಬೇಳೆ ಹಾಕಿ ಅವನತ್ತ ಚಾಚಿದಳು.

ನಂದಕುಮಾರ ಎರಡೂ ಕೈ ಒಡ್ಡಿದ.